ಕಾಣಿಯೂರು ಅತ್ತಿಗೆ ಕೊಟ್ಟ ಬಳ್ಳಿ

ವಾರಿಜಕ್ಕ ಸಾವಿನ ಮನೆಗೆ ಹೋದರೂ ಬರಿಗೈಯಲ್ಲಿ ಬಂದವರಲ್ಲ. ಇದು ಯಾರೋ ಹೇಳಿ ಕೇಳಿದ್ದಲ್ಲ, ನಾನು ಪಕ್ಕದಲ್ಲೇ ನಿಂತು ನೋಡಿದ್ದು. ನರಿಮೊಗರಿನ ನಮ್ಮ ರಸ್ತೆಯ ಕೊನೆಯ ಮನೆಯ ಅಜ್ಜ ತೀರಿಹೋದ ದಿನ ಇಬ್ಬರೂ ಒಟ್ಟಿಗೆ ಹೋಗಿದ್ದೆವು. ವಾರಿಜಕ್ಕ ಸರಿಯಾಗಿಯೇ ಅತ್ತರು. ಅಜ್ಜಿಯ ಕೈ ಹಿಡಿದು ಕೂತರು, ಸೊಸೆಗೆ ಸಮಾಧಾನ ಹೇಳಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಒಂದು ಕೈ ಮಾತ್ರ ಬದಿಗೆ ಸರಿಯಿತು. ಚಟ್ ಅಂತ ಸಣ್ಣ ಸದ್ದು. ತಿರುಗಿ ನೋಡುವಷ್ಟರಲ್ಲಿ ಗುಲಾಬಿಯ ಒಂದು ಗೆಲ್ಲು ಅವರ ಮಡಚಿದ ಕೊಡೆಯ ಮಡಿಕೆಯೊಳಗೆ ಮಾಯವಾಗಿತ್ತು.

"ಎಂತ ವಾರಿಜಕ್ಕ ಇದು, ಸಾವಿನ ಮನೆಯಿಂದ!" ಅಂದೆ.

"ಮೆಲ್ಲ ಮಾತಾಡಿ ಟೀಚರೇ. ಅಜ್ಜನಿಗೆ ಇನ್ನು ಗುಲಾಬಿ ಎಂತಕ್ಕೆ?"

ಆ ಕೊಡೆ ಬೇಸಿಗೆಗೂ ಉಂಟು, ಮಳೆಗೂ ಉಂಟು. ಬಿಸಿಲಿಗೆ ಬಿಡಿಸಿದ್ದನ್ನು ನಾನು ಕಂಡದ್ದು ಕಡಿಮೆ. ಕುಳ್ಳಗಿನ, ದಪ್ಪ ಹೆಂಗಸು. ನಡೆದರೆ ಏದುಸಿರು. ಆದರೆ ಇನ್ನೊಬ್ಬರ ಬೇಲಿಯ ಹತ್ತಿರ ಬಂದಾಗ ಆ ಕೈಗೆ ಎಲ್ಲಿಂದ ಅಷ್ಟು ಚುರುಕು ಬರುತ್ತಿತ್ತೋ ದೇವರಿಗೇ ಗೊತ್ತು. ಉಗುರಿನ ಸಂದಿಯಲ್ಲಿ ಗಿಡದ ಹಾಲು ಒಣಗಿ ಕಪ್ಪಾಗಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಅವರು ತಿಕ್ಕುತ್ತಲೂ ಇರಲಿಲ್ಲ ಅನ್ನಿ.

ವಾರಿಜಕ್ಕನದು ನಮ್ಮ ಪಕ್ಕದ ಮನೆ. ನಡುವೆ ಸೊಂಟದೆತ್ತರದ ಒಂದು ಗೋಡೆ. ತವರು ಸುಳ್ಯದ ಕಡೆ, ಮನೆಮಾತು ಅರೆಭಾಷೆ. ನನ್ನ ಹತ್ತಿರ ಪುತ್ತೂರಿನ ಕನ್ನಡ, ಮೀನಿನವನ ಹತ್ತಿರ ತುಳು. ಆದರೆ ಪ್ರೀತಿ ಉಕ್ಕಿದಾಗ, ಹೆದರಿಕೆಯಾದಾಗ ಅರೆಭಾಷೆಯೇ ಬಾಯಿಗೆ ಬರುತ್ತಿತ್ತು. ಗಂಡ ತೀರಿಕೊಂಡು ತುಂಬ ಸಮಯವಾಗಿತ್ತು. ಪಂಪು ರಿಪೇರಿ ಮಾಡುವ ಮಗ ಜಯಂತ ಜೊತೆಗಿದ್ದ, ಮಗಳು ಹೇಮಳನ್ನು ಸುಳ್ಯ ಪೇಟೆಗೆ ಕೊಟ್ಟಿತ್ತು.

ಗಿಡದ ವಿಷಯದಲ್ಲಿ ಅವರದ್ದೇ ಒಂದು ಕಾನೂನು. ಕೇಳಿ ತಂದ ಗೆಲ್ಲು ಬೇರು ಬಿಡುವುದಿಲ್ಲ, ಕದ್ದು ತಂದದ್ದು ಮಾತ್ರ ಹಿಡಿಯುತ್ತದೆ. ನಮ್ಮ ಕಡೆ ಹೆಂಗಸರು ಹೆಚ್ಚಿನವರು ಹೀಗೆ ಹೇಳುತ್ತಾರೆ, ಹೇಳಿ ನಗುತ್ತಾರೆ. ವಾರಿಜಕ್ಕ ನಗುತ್ತಿರಲಿಲ್ಲ. ಅವರಿಗೆ ಅದು ದೇವರ ದೀಪದಷ್ಟೇ ಸತ್ಯ. ಇನ್ನೊಂದು ಕಾನೂನೂ ಇತ್ತು. ಎಲ್ಲಿಂದ ಕದ್ದದ್ದು ಅಂತ ಬಾಯಿಬಿಟ್ಟರೆ ಗಿಡ ಒಣಗುತ್ತದೆ. ಹಾಗಾಗಿ ಅಂಗಳದ ಯಾವ ಗಿಡವನ್ನು ತೋರಿಸಿ ಕೇಳಿದರೂ ಉತ್ತರ ಒಂದೇ: "ಅದು ಕಾಣಿಯೂರು ಅತ್ತಿಗೆ ಕೊಟ್ಟದ್ದು."

ಕಾಣಿಯೂರಿನಲ್ಲಿ ಅವರಿಗೆ ನಿಜವಾಗಿ ಒಬ್ಬರು ಅತ್ತಿಗೆ ಇದ್ದರು, ಗಂಡನ ಅಕ್ಕ. ವಾರಿಜಕ್ಕ ಹೇಳಿದ್ದೆಲ್ಲ ಆ ಅತ್ತಿಗೆಯ ಅಂಗಳದಲ್ಲಿ ಇದ್ದಿದ್ದರೆ ಅವರ ಮನೆಯವರು ಅಡಿಕೆ ಒಣಗಿಸಲಿಕ್ಕೆ ಪರವೂರಿಗೆ ಹೋಗಬೇಕಿತ್ತು. ಕೇಳಿದ ನಮಗೂ ಗೊತ್ತು, ಹೇಳಿದ ಅವರಿಗೂ ಗೊತ್ತು. ಕಾಣಿಯೂರು ಅತ್ತಿಗೆ ಅಂದರೆ ಕದ್ದದ್ದು ಅಂತ ನಮ್ಮ ರಸ್ತೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು, ಒಂದು ನಗೆಯಲ್ಲಿ ವಿಷಯ ಮುಗಿಯುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಒಂದು ವಸ್ತುವಿಗೆ ಒಂದು ಹೆಸರು ಇರಬೇಕು ಅನ್ನುವ ಜಾತಿ ನಮ್ಮದು. ವಾರಿಜಕ್ಕನ ಅಂಗಳ ನನಗೆ ತಲೆನೋವು. ಒಂದು ಗಿಡಕ್ಕೂ ಅದರ ಹೆಸರಿಲ್ಲ. ಅಜ್ಜನ ಮನೆಯಿಂದ ಬಂದದ್ದು "ಬೊಜ್ಜದ ಗುಲಾಬಿ", ತುಳುವಿನಲ್ಲಿ ಬೊಜ್ಜ ಅಂದರೆ ಸತ್ತವರ ಉತ್ತರಕ್ರಿಯೆ. ಬಸ್ಸು ಬಾರದೆ ಕಾಯುವಾಗ ಯಾರದೋ ಗೇಟಿನಿಂದ ಮುರಿದದ್ದು "ಲೇಟು ಬಸ್ಸಿನ ಕ್ರೋಟನ್." ಹೇಮಳನ್ನು ನೋಡಲಿಕ್ಕೆ ಗಂಡಿನವರು ಬಂದಾಗ ಅರಳಿದ್ದ ಬಿಳಿ ಹೂ "ಅಳಿಯ." ಅವರಿಂದ ಒಯ್ದವರು ತಮ್ಮ ಮನೆಯಲ್ಲಿ ಅದನ್ನೇ "ವಾರಿಜಕ್ಕನ ಗಿಡ" ಅನ್ನುತ್ತಿದ್ದರು, ಅವರಿಂದ ಒಯ್ದವರು ಇನ್ನೇನೋ. ಮನೆಗೊಂದು ಹೆಸರು. ಒಮ್ಮೆ ನನಗೆ ತಡೆಯಲಿಲ್ಲ.

"ವಾರಿಜಕ್ಕ, ಇದಕ್ಕೆಲ್ಲ ನಿಜವಾದ ಹೆಸರು ಅಂತ ಒಂದು ಇರ್ತದೆ. ತಿಳ್ಕೊಳ್ಳುದಲ್ವಾ?"

"ಹೆಸರು ಎಂತಕ್ಕೆ ಟೀಚರೇ? ನಿಮ್ಮ ಶಾಲೆಯಲ್ಲಿ ಹಾಜರಿ ಕರೀಲಿಕ್ಕೆ ಉಂಟು. ಇಲ್ಲಿ ನಾನು ಕರೆದ್ರೆ ಇವು ಎದ್ದು ಬರ್ತಾವಾ?"

ನಕ್ಕು ಮನೆಗೆ ಬಂದೆ.

ಬಳ್ಳಿ ಬಂದದ್ದು ಆ ಕಾಲದಲ್ಲಿ. ಸಣ್ಣ ಗೆಲ್ಲಾಗಿ ಕೊಡೆಯಲ್ಲಿ ಬಂದದ್ದು ನೋಡುತ್ತಿದ್ದಂತೆ ನಲ್ಲಿಯ ಪಕ್ಕದ ಚಪ್ಪರವನ್ನು ಪೂರ್ತಿ ಮುಚ್ಚಿತು. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ದಪ್ಪ ಎಲೆ, ತಿಳಿ ನೇರಳೆ ಬಣ್ಣದ ದೊಡ್ಡ ಹೂ, ಬಾಯಿ ಅಗಲ, ಬುಡ ಸಪೂರ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಮುರಿದರೆ ಬಿಳಿ ಹಾಲು ಸುರಿಯುತ್ತಿತ್ತು. ವಾರಿಜಕ್ಕನಿಗೆ ಅದು ಕಾಣಿಯೂರು ಬಳ್ಳಿ. ಎದುರುಮನೆಯವರಿಗೆ ನೇರಳೆ ಗಂಟೆ. ಎಲೆ ಹೊಳೆಯುವುದಕ್ಕೆ ಜಯಂತ ಅದನ್ನು ಪ್ಲಾಸ್ಟಿಕ್ ಹೂ ಅನ್ನುತ್ತಿದ್ದ. ಶಾಲೆಯ ಸಹೋದ್ಯೋಗಿಯೊಬ್ಬರು ನೋಡಿ, "ಇದು ಅಲಮಾಂಡ, ಹಳದಿ ಬರ್ತದಲ್ಲ, ಅದರದ್ದೇ ನೇರಳೆ ಜಾತಿ" ಅಂತ ಖಂಡಿತ ಮಾಡಿ ಹೇಳಿದರು. ಕೇಳಿದವರಿಗೆಲ್ಲ ವಾರಿಜಕ್ಕ ಗೆಲ್ಲು ಕೊಟ್ಟರು. ತಾವು ಕದಿಯುವವರಾದರೂ ಕೊಡುವುದರಲ್ಲಿ ಜಿಪುಣತನ ಇರಲಿಲ್ಲ. ನಮ್ಮ ಗೇಟಿನ ಮೇಲೂ ಅವರೇ ಹಬ್ಬಿಸಿಕೊಟ್ಟರು.

ನನ್ನ ಮಗಳು ಸಾನ್ವಿ ಬೆಳೆದದ್ದು ಅವರ ಮಡಿಲಲ್ಲಿ. ನನ್ನವರು ಸುಬ್ರಹ್ಮಣ್ಯ ರೂಟಿನ ಬಸ್ಸಿನಲ್ಲಿ ಕಂಡಕ್ಟರು, ಬೆಳಕು ಹರಿಯುವ ಮೊದಲೇ ಹೊರಡಬೇಕು. ನಾನು ಶಾಲೆಗೆ ಹೊರಡುವಾಗ ಮಗುವನ್ನು ಗೋಡೆಯ ಮೇಲಿಂದ ಎತ್ತಿ ದಾಟಿಸುವುದು, ಸಂಜೆ ಅದೇ ಗೋಡೆಯ ಮೇಲಿಂದ ವಾಪಸು. ವಾರಿಜಕ್ಕ ಅವಳನ್ನು ಹೆಸರು ಹಿಡಿದು ಕರೆದವರೇ ಅಲ್ಲ. "ಗೂಡೆ" ಅನ್ನುತ್ತಿದ್ದರು. ಅರೆಭಾಷೆಯಲ್ಲಿ ಹುಡುಗಿಗೆ ಹಾಗೆ ಹೇಳುವುದು. ಗೂಡೆ ಉಂಡಿತು, ಗೂಡೆ ಮಲಗಿತು, ಗೂಡೆ ಇವತ್ತು ನನ್ನ ಕನ್ನಡಕ ನೀರಿಗೆ ಹಾಕಿತು. ಎಷ್ಟು ಹಟ ಮಾಡಿದರೂ ಒಂದು ಏಟು ಹಾಕಿದವರಲ್ಲ. ನಾನು ಹೊಡೆಯಲು ಕೈ ಎತ್ತಿದರೆ ಗೋಡೆಯ ಆಚೆಯಿಂದಲೇ ಕೂಗು: "ಟೀಚರೇ, ಅದೆಲ್ಲ ನಿಮ್ಮ ಶಾಲೆಯಲ್ಲಿ ಇಟ್ಕೊಳ್ಳಿ!"

ಅವರು ಸಾನ್ವಿಗೆ ಕೇಪಳದ ಜೇನು ಹೀರಲು ಕಲಿಸಿದ್ದರು. ನಮ್ಮ ಊರಿನಲ್ಲಿ ಇದನ್ನು ಕಲಿಯದೆ ಬೆಳೆದ ಮಗುವೇ ಇಲ್ಲ. ಕೆಂಪು ಕೇಪಳದ ಒಂದೊಂದೇ ಹೂ ಕಿತ್ತು, ಬುಡವನ್ನು ತುಟಿಗಿಟ್ಟು ಎಳೆದರೆ ನಾಲಿಗೆಗೆ ಒಂದು ಹನಿ ಸಿಹಿ. ನಾನೂ ಚಿಕ್ಕಂದಿನಲ್ಲಿ ಹೀರಿದ್ದೇನೆ, ನನ್ನಮ್ಮನೂ ಹೀರಿದ್ದಾರೆ. ಸಾನ್ವಿಗೆ ಆಗ ನಾಲ್ಕು ವರ್ಷ. ಕೇಪಳದ ಹೂವಿನಲ್ಲಿ ಜೇನು ಉಂಟು ಅಂದ ಮೇಲೆ ಅದಕ್ಕಿಂತ ದೊಡ್ಡ ಹೂವಿನಲ್ಲಿ ಇನ್ನೂ ಜಾಸ್ತಿ ಇರಬೇಕು ಅಂತ ಆ ತಲೆಗೆ ಹೊಳೆದಿರಬೇಕು. ಲೆಕ್ಕ ಸರಿಯಾಗಿಯೇ ಉಂಟು, ಎಷ್ಟೆಂದರೂ ಗಣಿತದ ಟೀಚರ ಮಗಳು.

ನಾನು ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಜಯಂತನ ಫೋನು ಬಂತು. "ಟೀಚರೇ, ಸಾನ್ವಿ ವಾಂತಿ ಮಾಡ್ತಾ ಉಂಟು, ನಿಲ್ತಾನೇ ಇಲ್ಲ. ಎಂತದೋ ಹೂ ತಿಂದಿದೆ. ಆಟೋದಲ್ಲಿ ಪುತ್ತೂರಿಗೆ ತರ್ತಾ ಇದ್ದೇವೆ, ಸೀದಾ ಆಸ್ಪತ್ರೆಗೆ ಬನ್ನಿ." ಚಾಕ್‌ಪೀಸು ಕೈಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ಇಳಿದಾಗಲೂ ಇತ್ತು.

ಮಗು ವಾರಿಜಕ್ಕನ ಮಡಿಲಲ್ಲಿ ಬಟ್ಟೆಯ ಹಾಗೆ ಬಿದ್ದಿತ್ತು. ತುಟಿ ಬಿಳಿ. ಫ್ರಾಕಿನ ಮೇಲೆ ನೇರಳೆ ಚೂರುಗಳು. ಡಾಕ್ಟರು ಸಣ್ಣ ಪ್ರಾಯದ ಹುಡುಗಿ, ಆದರೆ ಗಟ್ಟಿ. ಮಗುವನ್ನು ಎತ್ತಿ ಮಲಗಿಸಿ ಎದೆಗೆ ವಯರು ಹಚ್ಚಿ ಕೇಳಿದರು, "ಯಾವ ಗಿಡ? ತಂದಿದ್ದೀರಾ?" ತಂದಿದ್ದರು. ವಾರಿಜಕ್ಕ ಬಳ್ಳಿಯ ಉದ್ದದ ಒಂದು ತುಂಡನ್ನೇ ಕಿತ್ತುಕೊಂಡು ಬಂದಿದ್ದರು. ಎಲೆ, ಹೂ, ಮೊಗ್ಗು, ಎಲ್ಲ ಅದರಲ್ಲಿತ್ತು. ಹೆಸರು ಮಾತ್ರ ಇರಲಿಲ್ಲ.

"ಇದರ ಹೆಸರು ಎಂತ?"

ಜಯಂತ ಪ್ಲಾಸ್ಟಿಕ್ ಹೂ ಅಂದ. ಒಬ್ಬರು ನರ್ಸು, "ನಮ್ಮ ಮನೆಯಲ್ಲೂ ಉಂಟು ಡಾಕ್ಟ್ರೇ, ನಾವು ಬೊಂಬಾಯಿ ಮಲ್ಲಿಗೆ ಅಂತೇವೆ" ಅಂದರು. ನಾನು ಅಲಮಾಂಡ ಅಂದೆ. ಡಾಕ್ಟರು ಮೊಬೈಲಿನ ಆ್ಯಪ್ ತೆರೆದು ಹೂವಿನ ಫೋಟೋ ತೆಗೆದರು. ಅದೂ ನೇರಳೆ ಅಲಮಾಂಡ ಅಂತಲೇ ತೋರಿಸಿತು. ನನಗೆ ಅರೆಕ್ಷಣ ಸಮಾಧಾನವಾಯಿತು. ಅವರಿಗೆ ಆಗಲಿಲ್ಲ.

"ಅಲಮಾಂಡ ಆದ್ರೆ ಹೊಟ್ಟೆ ಕೆಡ್ತದೆ, ವಾಂತಿ ಆಗ್ತದೆ, ಅಷ್ಟೇ. ಇಲ್ಲಿ ಎದೆಬಡಿತ ಇಳೀತಾ ಉಂಟಲ್ಲ." ಪರದೆಯ ಮೇಲಿನ ಗೆರೆ ತೋರಿಸಿದರು. "ಬೇರೆ ಯಾವುದೋ ವಿಷ ಆದ್ರೆ ಮದ್ದೂ ಬೇರೆ, ಕೂಡ್ಲೇ ಮಂಗಳೂರಿಗೆ ಕಳಿಸ್ಬೇಕು. ಸುಮ್ಮನೆ ಊಹೆಯ ಮೇಲೆ ನಾನು ಮದ್ದು ಕೊಡ್ಲಿಕ್ಕೆ ಆಗುದಿಲ್ಲ. ಇದು ಎಲ್ಲಿಂದ ಬಂದದ್ದು? ಮೊದಲು ನೆಟ್ಟವರನ್ನು ಕೇಳಿ."

ನಾನು ವಾರಿಜಕ್ಕನ ಕಡೆ ತಿರುಗಿದೆ. ಅವರು ಹೇಳಿದರು, "ಕಾಣಿಯೂರು ಅತ್ತಿಗೆ ಕೊಟ್ಟದ್ದು."

ನನಗೆ ಆಗ ನೆನಪಾಗಬೇಕಿತ್ತು. ಯಾರಿಗೂ ಆಗಲಿಲ್ಲ. ಮಗು ಹಾಗೆ ಮಲಗಿರುವಾಗ ನಮ್ಮ ರಸ್ತೆಯ ತಮಾಷೆ ಯಾರ ತಲೆಯಲ್ಲಿ ಇರುತ್ತದೆ? ಜಯಂತ ಕಾಣಿಯೂರಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಪುನಃ ಹಚ್ಚಿದ. ಅವರ ಮಗನಿಗೆ ಮಾಡಿದ, ಅವನು ತೋಟದಲ್ಲಿದ್ದ, ಅಮ್ಮ ಗುಡ್ಡೆಗೆ ಸೊಪ್ಪಿಗೆ ಹೋಗಿದ್ದಾಳೆ ಅಂದ, ಕರೆಯುತ್ತೇನೆ ಅಂದ. ಪರದೆಯ ಮೇಲಿನ ಗೆರೆ ಮೆಲ್ಲ ಮೆಲ್ಲ ಓಡುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತಿದ್ದೆ. ಕೊನೆಗೆ ಅತ್ತಿಗೆಯ ದೊಡ್ಡ ಸ್ವರ ಸ್ಪೀಕರಿನಲ್ಲಿ ಕೇಳಿತು.

"ನೇರಳೆ ಬಳ್ಳಿಯಾ? ನಾನು ಕೊಟ್ಟದ್ದಾ? ನಮ್ಮಲ್ಲಿ ಇರುದು ಒಂದು ತುಳಸಿ, ಎರಡು ದಾಸವಾಳ. ಎಂತ ಮಾರಾಯ ನೀನು ಹೇಳುದು!"

ಎಲ್ಲರೂ ವಾರಿಜಕ್ಕನನ್ನು ನೋಡಿದೆವು. ಅವರು ಗೋಡೆಗೆ ಬೆನ್ನು ಕೊಟ್ಟು ಹಾಗೇ ಜಾರಿ ನೆಲದ ಮೇಲೆ ಕೂತರು. ಅಷ್ಟು ಜನರ ಎದುರು, ನರ್ಸುಗಳ ಎದುರು, ಹೊರಗೆ ಚೀಟಿಗೆ ನಿಂತವರು ಇಣುಕುತ್ತಿದ್ದರು, ಅವರ ಎದುರು ಹೇಳಿದರು.

"ಕದ್ದದ್ದು ಟೀಚರೇ. ಕೊಯಿಲದಲ್ಲಿ. ದನದ ಡಾಕ್ಟ್ರೊಬ್ಬರು ರಿಟೇರ್ ಆಗಿ ಕೂತಿದ್ದಾರಲ್ಲ, ಅವರ ಬೇಲಿಯಿಂದ. ಮದುವೆಗೆ ಹೋದಾಗ."

"ಮೊದಲೇ ಹೇಳ್ಲಿಕ್ಕೆ ನಿಮಗೆ ಎಂತ ರೋಗ!" ನನ್ನ ಸ್ವರ ಆಸ್ಪತ್ರೆಗಿಡೀ ಕೇಳಿರಬೇಕು. ಕೇಳಲಿ. ಅದನ್ನು ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರ ಇಲ್ಲ.

ಆ ಡಾಕ್ಟರ ನಂಬರು ಯಾರಲ್ಲಿ ಉಂಟು? ನನ್ನವರಿಗೆ ಫೋನು ಮಾಡಿದೆ. ಕಂಡಕ್ಟರಿಗೆ ಒಂದೊಂದು ಸ್ಟಾಪಿನಲ್ಲೂ ಒಬ್ಬ ಅಂಗಡಿಯವನ ಪರಿಚಯ. ಅವರು ಕೊಟ್ಟ ನಂಬರಿಗೆ ಮಾಡಿದೆ, ಕೊಯಿಲದ ಅಂಗಡಿಯವರು ಗಿರಾಕಿಗಳನ್ನು ಹಾಗೇ ಬಿಟ್ಟು ಮೊಬೈಲು ಹಿಡಿದು ಡಾಕ್ಟರ ಮನೆಗೆ ಓಡಿದರು. ಫೋನಿನಲ್ಲಿ ಅವರ ಏದುಸಿರು, ಗೇಟಿನ ಸದ್ದು, ನಾಯಿ ಬೊಗಳುವುದು, ಆಮೇಲೆ ನಿಧಾನದ ಒಂದು ಮುದಿಸ್ವರ. ನಮ್ಮ ಡಾಕ್ಟರು ಫೋನು ಕಿತ್ತುಕೊಂಡರು.

"ಎಲೆ ಗಂಟಿಗೆ ಎಷ್ಟು ಉಂಟು ನೋಡಿ," ಅಂದಿತು ಆ ಸ್ವರ. "ಎದುರುಬದುರು ಎರಡೇ ಎರಡಾ, ಸುತ್ತ ನಾಲ್ಕಾ?"

"ಎರಡು."

"ಹಾಗಾದ್ರೆ ಅಲಮಾಂಡ ಅಲ್ಲ. ಅಲಮಾಂಡಕ್ಕೆ ಸುತ್ತ ಬರ್ತದೆ. ಇದು ರಬ್ಬರ್ ಬಳ್ಳಿ. ನಮ್ಮ ರಬ್ಬರ್ ಮರ ಅಲ್ಲ, ಇದೇ ಬೇರೆ. ಕಣಗಿಲೆಯ ಹಾಗೆ, ಸೀದಾ ಹೃದಯಕ್ಕೆ ಹೊಡೀತದೆ. ನನ್ನ ಎರಡು ಆಡು ಹೋದದ್ದು ಇದನ್ನು ತಿಂದೇ."

ಡಾಕ್ಟರು ಮತ್ತೆ ನಮ್ಮ ಕಡೆ ನೋಡಲಿಲ್ಲ. ಇಂಜೆಕ್ಷನ್, ಆಂಬುಲೆನ್ಸ್, ಮಂಗಳೂರಿಗೆ ಫೋನು, ಎಲ್ಲ ಒಟ್ಟಿಗೆ ನಡೆಯಿತು. ಫೋನು ನನ್ನ ಕೈಗೆ ಬಂದಾಗ ಆ ಮುದಿಸ್ವರ ಇನ್ನೂ ಇತ್ತು. ಬೈಯುವ ಧಾಟಿಯಲ್ಲಿ ಹೇಳಿದ್ದಲ್ಲ ಅವರು. ನಿಜವಾಗಿ ಅರ್ಥವಾಗದೆ ಕೇಳಿದ್ದು. "ಚಂದ ಉಂಟು ಅಂತ ತುಂಬಾ ಜನ ಕೇಳ್ಲಿಕ್ಕೆ ಬಂದಿದ್ರಮ್ಮ. ಕೇಳಿದವರಿಗೆಲ್ಲ ವಿಷ ಅಂತ ಹೇಳಿ ಕಳಿಸಿದ್ದೇನೆ. ಆಡು ಸತ್ತ ಮೇಲೆ ಬುಡಸಮೇತ ತೆಗೆಸಿದ್ದೇನೆ. ನಿಮಗೆ ಹೇಗೆ ಸಿಕ್ಕಿತು?"

ಸಾನ್ವಿ ಬದುಕಿದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಅವಳು ಎದ್ದು ಕೂತು ದೋಸೆ ಬೇಕು ಅಂದಾಗ ನಾನು ಅತ್ತದ್ದು ನೋಡಿ ಪಕ್ಕದ ಬೆಡ್ಡಿನವರು ಏನೋ ಅನಾಹುತ ಆಯಿತು ಅಂತ ಓಡಿಬಂದಿದ್ದರು.

ಅಲ್ಲಿಂದ ಬಂದ ಮೇಲೆ ಮಗುವನ್ನು ಗೋಡೆ ದಾಟಿಸಲಿಲ್ಲ. ನನ್ನ ಅಮ್ಮ ಬಂದು ನಿಂತರು. ಊರಿನವರು ಹೇಳಿದರು: ಪಾಪ, ಅವರಿಗೆ ಗೊತ್ತಿತ್ತಾ? ಹೌದು, ಗೊತ್ತಿರಲಿಲ್ಲ. ಆದರೆ ಯಾಕೆ ಗೊತ್ತಿರಲಿಲ್ಲ? ಆ ಬೇಲಿಯ ಹತ್ತಿರ ನಿಂತು, "ಡಾಕ್ಟ್ರೇ, ಒಂದು ಗೆಲ್ಲು ಕೊಡ್ತೀರಾ" ಅಂತ ಬಾಯಿಬಿಟ್ಟು ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಕೇಳಿ ತಂದರೆ ಗಿಡದ ಜೊತೆಗೆ ಅದರ ವಿಷಯವೂ ಬರುತ್ತದೆ, ಕದ್ದರೆ ಬರೀ ಗಿಡ ಬರುತ್ತದೆ. ಇದನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಅವರಿಗೆ ಹೇಳಿದೆನೋ. ಆಸ್ಪತ್ರೆಯಲ್ಲಿ ಅತ್ತಿಗೆಯನ್ನು ಹುಡುಕಿದ ಆ ಹೊತ್ತಿನ ಸಿಟ್ಟು ನನಗೆ ಈಗಲೂ ಸ್ವಲ್ಪ ಉಂಟು. ಸತ್ತವರ ಬಗ್ಗೆ ಬರೆಯುವಾಗ ಎಲ್ಲ ಕ್ಷಮಿಸಿದೆ ಅಂತ ಬರೆದರೆ ಚಂದ ಕಾಣುತ್ತದೆ, ಆದರೆ ನನಗೆ ಬರುವುದಿಲ್ಲ.

ವಾರಿಜಕ್ಕ ನನ್ನ ಹತ್ತಿರ ತಪ್ಪಾಯಿತು ಅಂತ ಒಂದು ಮಾತು ಹೇಳಲಿಲ್ಲ. ಮಾಡಿದ್ದು ಬೇರೆ. ನಾವು ಮಂಗಳೂರಿನಲ್ಲಿ ಇರುವಾಗಲೇ ಚಪ್ಪರದ ಬಳ್ಳಿ ಕಡಿದು ಹಾಕಿದ್ದರು. ಅಲ್ಲಿಗೆ ನಿಲ್ಲಲಿಲ್ಲ. ನಾವು ವಾಪಸು ಬಂದ ಮೇಲೆ ಹೆಸರು ಗೊತ್ತಿಲ್ಲದ್ದನ್ನೆಲ್ಲ ಕಿತ್ತರು. ಬೊಜ್ಜದ ಗುಲಾಬಿ ಹೋಯಿತು, ಲೇಟು ಬಸ್ಸಿನ ಕ್ರೋಟನ್ ಹೋಯಿತು. ಜಯಂತ ಬೇಡಮ್ಮಾ ಬೇಡಮ್ಮಾ ಅಂತ ಹಿಂದೆ ಹಿಂದೆ ಹೋಗುವುದು ಗೋಡೆಯ ಈಚೆಗೆ ಕೇಳುತ್ತಿತ್ತು. "ಗುಲಾಬಿ ಗೊತ್ತುಂಟಲ್ಲಮ್ಮಾ, ಅದು ಗುಲಾಬಿ!" ಅನ್ನುತ್ತಿದ್ದ. ಅವರು ಕೇಳಲಿಲ್ಲ. ಅಂಗಳ ಮಳೆಗಾಲದ ಮೊದಲಿನ ಗದ್ದೆಯ ಹಾಗೆ ಬೋಳಾಯಿತು.

ಆಮೇಲೆ ಊರೂರು ತಿರುಗಲು ಶುರು ಮಾಡಿದರು. ಒಂದು ದಿನ ನನ್ನವರು ಮನೆಗೆ ಬಂದು ಊಟಕ್ಕೆ ಕೂತವರು ಅನ್ನ ಕಲಸದೆ ಹೇಳಿದರು, "ವಾರಿಜಕ್ಕ ಇವತ್ತು ನಮ್ಮ ಬಸ್ಸಿನಲ್ಲಿ ಇದ್ರು. ಚೀಲದಲ್ಲಿ ಕತ್ತಿ. ಎಲ್ಲಿಗೆ ಅಂತ ಕೇಳಿದ್ರೆ, ಕೊಟ್ಟದ್ದನ್ನು ತೆಗೀಲಿಕ್ಕೆ ಅಂತ ಹೇಳಿದ್ರು." ಅವರಿಂದ ಗೆಲ್ಲು ಒಯ್ದವರು ಒಂದು ಕಡೆ ಇರಲಿಲ್ಲ. ಸವಣೂರಿನಲ್ಲಿ ಇದ್ದರು, ಕಡಬದಲ್ಲಿ, ಬೆಳ್ಳಾರೆಯಲ್ಲಿ ಇದ್ದರು. ಅವರು ಇನ್ನೊಬ್ಬರಿಗೆ ಕೊಟ್ಟಿದ್ದರು. ಪ್ರತಿಯೊಂದು ಮನೆಯಲ್ಲಿ ಬಳ್ಳಿಗೆ ಬೇರೆ ಹೆಸರು. ಹೆಸರು ಹೇಳಿ ಕೇಳಿದರೆ "ಅಂಥದ್ದು ನಮ್ಮಲ್ಲಿ ಇಲ್ಲ" ಅನ್ನುತ್ತಿದ್ದರಂತೆ. ಹಾಗಾಗಿ ವಾರಿಜಕ್ಕ ಹೆಸರು ಹೇಳುವುದನ್ನು ಬಿಟ್ಟರು. ಸೀದಾ ಅಂಗಳಕ್ಕೆ ಹೋಗಿ ಸುತ್ತು ಹಾಕಿ ಕಣ್ಣಲ್ಲೇ ಹುಡುಕುತ್ತಿದ್ದರು.

ಎಲ್ಲರೂ ಸುಲಭದಲ್ಲಿ ಕಡಿಯಲು ಬಿಡಲಿಲ್ಲ. ಬೆಳ್ಳಾರೆಯ ಕಡೆ ಒಂದು ಮನೆಯಲ್ಲಿ ಗೇಟಿನ ಕಮಾನಿನ ತುಂಬ ಹೂ ಬಿಟ್ಟಿತ್ತಂತೆ. ಮನೆಯ ಯಜಮಾನತಿ, "ಮುಂದಿನ ತಿಂಗಳು ನಮ್ಮಲ್ಲಿ ಎಂಗೇಜ್‌ಮೆಂಟ್ ಉಂಟು, ಅದು ಕಳೀಲಿ, ಆಮೇಲೆ ನೋಡುವ" ಅಂದರಂತೆ. ವಾರಿಜಕ್ಕ ಗೇಟಿನ ಬುಡದಲ್ಲಿ ಕೂತರು. ಮಧ್ಯಾಹ್ನದವರೆಗೆ ಕೂತರು. ಒಳಗೆ ಬನ್ನಿ ಅಂದರೆ ಹೋಗಲಿಲ್ಲ, ಊಟ ಮಾಡಿ ಅಂದರೆ ಮಾಡಲಿಲ್ಲ. ಕೊನೆಗೆ ಹೇಳಿದರಂತೆ, "ಇದು ನನ್ನದಲ್ಲ ಅಮ್ಮ. ಕದ್ದದ್ದನ್ನು ನಿಮಗೆ ಕೊಟ್ಟದ್ದು ನಾನು. ನನ್ನ ಗೂಡೆ ಇದರಿಂದ ಸಾಯ್ಲಿಕ್ಕಿತ್ತು. ನಿಮ್ಮ ಮನೆಯಲ್ಲೂ ತೊಟ್ಟಿಲು ತೂಗುವ ಕಾಲ ಬರ್ತದಲ್ವಾ?" ಆ ಹೆಂಗಸು ತಾನೇ ಕತ್ತಿ ತಂದು ಕಡಿದರಂತೆ. ಇದನ್ನು ನನಗೆ ಹೇಳಿದ್ದು ಅದೇ ಮನೆಯ ಹುಡುಗಿ, ಒಮ್ಮೆ ನಮ್ಮ ಶಾಲೆಯ ಕಾರ್ಯಕ್ರಮಕ್ಕೆ ಬಂದಾಗ. ಎಲ್ಲಿಂದ ಕದ್ದದ್ದು ಅಂತ ಬಾಯಿಬಿಡದ ಹೆಂಗಸು ಸಿಕ್ಕಸಿಕ್ಕವರ ಅಂಗಳದಲ್ಲಿ ಕಳ್ಳಿ ನಾನು ಅಂತ ಹೇಳಿಕೊಂಡು ತಿರುಗಿದರು.

ನಮ್ಮ ಗೇಟಿನದ್ದಕ್ಕೆ ಅವರು ಬಂದದ್ದು ಕೊನೆಗೆ. ನನ್ನವರು ಅದನ್ನು ಆಗಲೇ ಕಡಿದಿದ್ದರು. ವಾರಿಜಕ್ಕ ನಂಬಲಿಲ್ಲ. ಕೂತು ಕೈಯಿಂದಲೇ ಮಣ್ಣು ಬಗೆದು, ಬೇರಿನ ತುಂಡುಗಳನ್ನು ಹೆಕ್ಕಿ ಹೆಕ್ಕಿ ಚೀಲಕ್ಕೆ ಹಾಕಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

"ಗೂಡೆ ಹೇಗುಂಟು?" ತಲೆ ಎತ್ತದೆ ಕೇಳಿದರು.

"ಒಳಗೆ ಮಲಗಿದೆ."

"ಉಸಿರು ನೋಡಿದ್ರಾ?"

"ಚೆನ್ನಾಗುಂಟು ವಾರಿಜಕ್ಕ."

ಅವರು ಎದ್ದು ಸೆರಗಿಗೆ ಕೈ ಒರೆಸಿಕೊಂಡು ಹೋದರು. ಆದರೆ ಕೇಳುವುದು ನಿಲ್ಲಲಿಲ್ಲ. ಸ್ವಲ್ಪ ತಿಂಗಳು ಕಳೆದ ಮೇಲೆ ನಮ್ಮ ಮಾತು ಮೊದಲಿನಂತೆ ಅಲ್ಲದಿದ್ದರೂ ಗೋಡೆಯ ಮೇಲಿಂದ ಮತ್ತೆ ಶುರುವಾಯಿತು. ಸಾರಿನ ಪಾತ್ರೆ ಆಚೆ ಈಚೆ ಹೋಗತೊಡಗಿತು. ಸಾನ್ವಿಯೇ ಅಜ್ಜೀ ಅಂತ ಓಡಿಹೋಗುತ್ತಿದ್ದಳು. ಅವಳು ಅವರ ಕಣ್ಣೆದುರೇ ಅಂಗಳದಲ್ಲಿ ಸೈಕಲ್ ಬಿಡುತ್ತಿದ್ದರೂ ವಾರಿಜಕ್ಕ ನನ್ನನ್ನು ಗೋಡೆಯ ಹತ್ತಿರ ಕರೆದು ಸಣ್ಣ ಸ್ವರದಲ್ಲಿ ಕೇಳುತ್ತಿದ್ದರು, "ಗೂಡೆ ಹೇಗುಂಟು? ಡಾಕ್ಟ್ರು ಎಂತ ಹೇಳಿದ್ರು?" ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ನೋಡಿ, ಅಲ್ಲೇ ಉಂಟಲ್ಲ ಅನ್ನುತ್ತಿದ್ದೆ. ಒಂದು ಗಿಡವನ್ನೂ ಅವರು ಮತ್ತೆ ನೆಡಲಿಲ್ಲ. ಬಸ್ಸಿಗೆ ಹೋಗುವಾಗ ಯಾರದೋ ಬೇಲಿಯ ಹೂ ತೋರಿಸಿ, "ಎಷ್ಟು ಚಂದ ಅಲ್ವಾ ವಾರಿಜಕ್ಕ" ಅಂದರೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಳ್ಳುತ್ತಿದ್ದರು.

ಮರೆವು ಬಂದದ್ದು ಮೆಲ್ಲ ಮೆಲ್ಲ. ಒಲೆ ಉರಿಸಿ ಮರೆಯುವುದು, ಗಂಡನಿಗೂ ಬಟ್ಟಲಿಡುವುದು. ಒಮ್ಮೆ ನಮ್ಮ ಮನೆಯನ್ನು ತಮ್ಮ ತವರುಮನೆ ಅಂದುಕೊಂಡು ಒಳಗೆ ಬಂದು ಅಪ್ಪನನ್ನು ಹುಡುಕಿದರು. ಜಯಂತ ಕೆಲಸಕ್ಕೆ ಹೋದರೆ ನೋಡಲು ಜನ ಇಲ್ಲ ಅಂತ ಹೇಮ ಅವರನ್ನು ಸುಳ್ಯಕ್ಕೆ ಕರೆದುಕೊಂಡು ಹೋದಳು.

ಕಳೆದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ವಾರಿಜಕ್ಕ ತೀರಿಕೊಂಡರು. ಅದಕ್ಕೆ ಮೊದಲು ಒಂದು ಆದಿತ್ಯವಾರ ಸಾನ್ವಿಯನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಈಗ ಅವಳು ಆರನೇ ಕ್ಲಾಸು, ನನ್ನ ಭುಜದವರೆಗೆ ಬರುತ್ತಾಳೆ. ವಾರಿಜಕ್ಕ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಎಷ್ಟು ಇಳಿದುಹೋಗಿದ್ದರೆಂದರೆ ಕುರ್ಚಿ ದೊಡ್ಡದಾಗಿ ಕಾಣುತ್ತಿತ್ತು. "ಯಾರ ಹೆಸರೂ ಗೊತ್ತಾಗುದಿಲ್ಲ ಟೀಚರೇ ಈಗ, ನನ್ನನ್ನೂ ಆಚೆಮನೆಯವಳು ಅಂತಾರೆ," ಅಂದಳು ಹೇಮ. ನಾನು ಹತ್ತಿರ ಕೂತೆ. ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಮತ್ತೆ ಫಕ್ಕನೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಹಿಡಿತ ಮುದುಕಿಯದ್ದಲ್ಲ.

"ಗೂಡೆ ಹೆಂಗುಟ್ಟು?" ಅದೇ ಪ್ರಶ್ನೆ, ಈಗ ಅರೆಭಾಷೆಯಲ್ಲಿ.

"ಚೆನ್ನಾಗುಂಟು ವಾರಿಜಕ್ಕ. ಇಲ್ಲೇ ಉಂಟು ನೋಡಿ, ನಿಮ್ಮೆದುರೇ."

ಅವರು ಸಾನ್ವಿಯನ್ನು ಮೇಲಿಂದ ಕೆಳಗೆ ನೋಡಿದರು. ತಲೆ ಅಲ್ಲಾಡಿಸಿದರು. "ಇವಳಲ್ಲ. ಸಣ್ಣದು. ಒಳಗೆ ಮಲಗಿಸಿದ್ದಾರಲ್ಲ, ಆ ಸಣ್ಣದು."

ಇಷ್ಟು ವರ್ಷ ನಾನು ಬದುಕಿದ ಮಗುವಿನ ಜೊತೆ ಮನೆಯಲ್ಲಿದ್ದೆ. ಇವರು ಆ ಆಸ್ಪತ್ರೆಯ ನೆಲದಿಂದ ಎದ್ದೇ ಇರಲಿಲ್ಲ.

ಸಾನ್ವಿ ನನ್ನನ್ನು ನೋಡಲಿಲ್ಲ. ಬಂದು ಅವರ ಕಾಲಿನ ಹತ್ತಿರ ನೆಲದ ಮೇಲೆ ಕೂತಳು.

"ಸಣ್ಣದಕ್ಕೆ ಗುಣ ಆಯ್ತು ಅಜ್ಜಿ," ಅಂದಳು. "ವಾಂತಿ ನಿಂತಿದೆ. ಎದೆಬಡಿತ ಸರಿಯಾಗಿದೆ. ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂತ ಹೇಳಿದ್ರು."

"ಮನೆಗೆ?"

"ಹೌದು. ದೋಸೆ ಬೇಕು ಅಂತ ಕೇಳ್ತಾ ಉಂಟು."

ವಾರಿಜಕ್ಕನ ಕೈ ನನ್ನ ಮಣಿಕಟ್ಟಿನ ಮೇಲೆ ಸಡಿಲವಾಯಿತು. ಮುಖದ ಬಿಗಿ ಇಳಿದು, ಬೆನ್ನು ಕುರ್ಚಿಗೆ ತಾಗಿ, ಉದ್ದಕ್ಕೆ ಒಂದು ಉಸಿರು ಬಿಟ್ಟರು. ಹೇಮ ಚಾ ತಂದಳು. ಚಾ ಕುಡಿದು ಮುಗಿಯುವ ಮೊದಲೇ ಅವರ ಬೆರಳು ಮತ್ತೆ ಬಿಗಿಯಾಯಿತು. ಗೂಡೆ ಹೆಂಗುಟ್ಟು? ಸಾನ್ವಿ ಮತ್ತೆ ಮೊದಲಿನಿಂದ ಹೇಳಿದಳು, ವಾಂತಿ ನಿಂತದ್ದು, ಡಾಕ್ಟರು ಹೇಳಿದ್ದು, ದೋಸೆ. ಒಂದು ಮಾತೂ ಬಿಡಲಿಲ್ಲ.

ಹೊರಟು ಗೇಟಿನ ಹತ್ತಿರ ಬಂದಿದ್ದೆವು. ಚಪ್ಪಲಿ ಹಾಕಿ ಆಗಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ಜಗಲಿಯಿಂದ ಮತ್ತೆ ಆ ಸ್ವರ ಕೇಳಿತು, ಯಾರಿಗೆ ಕೇಳಿದ್ದು ಅಂತ ಇಲ್ಲ, ಗಾಳಿಗೆ ಕೇಳಿದ ಹಾಗೆ. ಒಳಗಿಂದ ಹೇಮ ಬರುವ ಮೊದಲೇ ಸಾನ್ವಿ ಚಪ್ಪಲಿ ಕಳಚಿ ಪುನಃ ಜಗಲಿ ಹತ್ತಿದಳು.